ಮೇಸ್ತ್ರಿ ಕೂರಿಸಿದ ಮೂರನೇ ಗೇರು

ಕಳೆದ ವಾರ ಮಾಲೂರಿನ ಇಟ್ಟಿಗೆ ಗೂಡುಗಳ ರಸ್ತೆಯಲ್ಲಿ ನನ್ನ ಮುಂದೆ ಒಂದು ಲಾರಿ ಹೋಗುತ್ತಿತ್ತು. ಮೈತುಂಬ ಇಟ್ಟಿಗೆ. ಇಳಿಜಾರಿನಲ್ಲಿ ಅದರ ಬ್ರೇಕು ಕಾದು ಸುಟ್ಟ ವಾಸನೆ ಬಂತು. ಅಷ್ಟಕ್ಕೇ ಕಾರನ್ನು ಪಕ್ಕಕ್ಕೆ ಹಾಕಿ ಸ್ಟೀರಿಂಗ್ ಹಿಡಿದು ಸುಮ್ಮನೆ ಕುಳಿತೆ. ಹಿಂದೆ ಬಂದ ಆಟೋದವನು ಗಾಡಿ ಕೆಟ್ಟಿತೇ ಎಂದು ಕೇಳಿದ. ಗಾಡಿಗೆ ಏನೂ ಆಗಿರಲಿಲ್ಲ. ನನಗೆ ಮುಳಬಾಗಿಲಿನ ಗೇರ್ ಮೇಸ್ತ್ರಿ ನೆನಪಾಗಿದ್ದರು...

ಆಗ ನಾನು ಕೋಲಾರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ನನ್ನ ಸೋದರಮಾವ ಚಿನ್ನದ ಗಣಿಯ ಒಬ್ಬ ದೊರೆಯಿಂದ ಕೊಂಡಿದ್ದ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು, ಮಾವ ಹೋದ ಮೇಲೆ ನನ್ನ ಪಾಲಿಗೆ ಬಂದಿತ್ತು. ನೋಡಲು ಬಲು ಚೆಂದ. ಮೂರನೇ ಗೇರಿಗೆ ಹಾಕಿದರೆ ಮಾತ್ರ ನಾಯಿಯ ಹಾಗೆ ಊಳಿಡುತ್ತಿತ್ತು. ಹಲ್ಲು ಸವೆದಿದೆ, ಮೇಸ್ತ್ರಿ ಹತ್ತಿರ ಹೋಗಿ ಎಂದು ಎಲ್ಲರೂ ಹೇಳಿದರು.

ಮುಳಬಾಗಿಲಿನ ಆಚೆ, ಹೆದ್ದಾರಿಗೆ ತಾಗಿದಂತೆ ಅವರ ತಗಡಿನ ಶೆಡ್ಡು. ಟೊಮ್ಯಾಟೊ ಸಾಗಿಸುವ ವ್ಯಾನುಗಳ ಗೇರ್ ಬಾಕ್ಸು ಬಿಚ್ಚಿ ಕಟ್ಟುವುದು ಅವರ ಕಸುಬು. ಕನ್ನಡ ಮಾತಾಡುತ್ತಿದ್ದರು, ಎಣಿಸುವುದು ಮಾತ್ರ ತೆಲುಗಿನಲ್ಲಿ. ಎಲೆಅಡಿಕೆ ಡಬ್ಬಿಯ ಸುಣ್ಣದಿಂದ ಗೇರಿನ ಒಂದು ಹಲ್ಲಿಗೆ ಬೊಟ್ಟಿಟ್ಟು, ಚಕ್ರ ತಿರುಗಿಸುತ್ತ, ಒಕಟಿ, ರೆಂಡು, ಮೂಡು ಎಂದು ಆ ಬೊಟ್ಟು ಮರಳಿ ಬರುವವರೆಗೆ ಎಣಿಸುತ್ತಿದ್ದರು. ಒಂದು ಸಲ ಎಣಿಸಿದ್ದನ್ನು ನಂಬುತ್ತಿರಲಿಲ್ಲ, ಎರಡು ಸಲ ಆಗಬೇಕು.

ಗಣಿಯ ಹಳೇ ಗ್ಯಾರೇಜಿನಿಂದ ಅವರು ತಂದಿದ್ದ ಗೋಣಿಚೀಲದಲ್ಲಿ ನನ್ನ ಕಾರಿಗೆ ಒಗ್ಗುವ ಮೂರನೇ ಗೇರಿನ ಎರಡು ಜೋಡಿ ಸಿಕ್ಕವು. ಹಲ್ಲು ಎಣಿಸಿ, ಒಂದು ಗಿಡ್ಡ, ಒಂದು ಉದ್ದ ಎಂದರು ಮೇಸ್ತ್ರಿ. ಗಿಡ್ಡ ಗೇರು ಇಳಿಜಾರಿನಲ್ಲಿ ಕಾರನ್ನು ಕಿವಿ ಹಿಡಿದು ನಿಲ್ಲಿಸುತ್ತದೆ, ಆದರೆ ಬಯಲಿನಲ್ಲಿ ಎಂಜಿನ್ನು ಅರಚಿಕೊಳ್ಳುತ್ತದೆ. ಉದ್ದದ್ದು ಹೆದ್ದಾರಿಯಲ್ಲಿ ಸಲೀಸಾಗಿ ಓಡುತ್ತದೆ, ಇಳಿಜಾರಿನಲ್ಲಿ ಕೈಬಿಡುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಿತ್ತು.

ಆರಿಸುವ ಮೊದಲು ಮೇಸ್ತ್ರಿ ಪ್ರತಿಯೊಬ್ಬ ಗಿರಾಕಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು. ಎಲ್ಲಿ ಭಯ ಆಗುತ್ತದೆ? ಅದಕ್ಕೆ ಉತ್ತರ ಬಾರದೆ ಸ್ಪ್ಯಾನರು ಮುಟ್ಟುತ್ತಿರಲಿಲ್ಲ. ಅವತ್ತು ಅಲ್ಲಿ ನಾಲ್ಕು ಜನ ವ್ಯಾನ್ ಡ್ರೈವರುಗಳಿದ್ದರು. ಆಂಧ್ರದ ಪಲಮನೇರು ದಾಟಿ ಸಿಗುವ ಮೊಗಿಲಿ ಘಾಟಿನಲ್ಲಿ ಲೋಡು ಹೊತ್ತು ಇಳಿಯುವಾಗ ಮನೆದೇವರ ಹೆಸರೇ ಮರೆತುಹೋಗುತ್ತದೆ ಎಂದ ಒಬ್ಬ, ಒಂದಿಷ್ಟೂ ನಾಚಿಕೆಯಿಲ್ಲದೆ. ಉಳಿದವರು ಹೌದೆಂದು ತಲೆಯಾಡಿಸಿದರು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು.

ನಿಜ ಹೇಳಬೇಕೆಂದರೆ ಆ ಘಾಟಿನ ಹೆಸರು ಕೇಳಿದರೇ ನನಗೆ ಭಯವಾಗುತ್ತಿತ್ತು. ಮೂರು ಸಲ ಪಲಮನೇರಿನವರೆಗೆ ಹೋಗಿ, ಏನೋ ನೆಪ ಹೇಳಿಕೊಂಡು ವಾಪಸು ಬಂದಿದ್ದೆ. ಆದರೆ ನಾಲ್ಕು ಗಂಡಸರ ಮುಂದೆ, ಕಪ್ಪು ಕನ್ನಡಕ ಹಾಕಿಕೊಂಡು ಕೆಂಪು ಕಾರಿನಿಂದ ಇಳಿದ ಹೆಂಗಸು ಅದನ್ನು ಹೇಗೆ ಹೇಳಬೇಕು? ನಗುತ್ತಾರೆ ಎಂಬ ಭಯ ಘಾಟಿನ ಭಯಕ್ಕಿಂತ ದೊಡ್ಡದಾಗಿತ್ತು.

"ನನಗೆಲ್ಲೂ ಭಯ ಇಲ್ಲ ಮೇಸ್ತ್ರಿ," ಅಂದೆ. "ಮೊಗಿಲಿ ಘಾಟನ್ನ ಮೂರನೇ ಗೇರಲ್ಲೇ ಇಳಿದಿದೀನಿ. ಬ್ರೇಕ್ ಮುಟ್ಟಿಲ್ಲ."

ಅವರು ಒಡನೆ ನಂಬಿಬಿಟ್ಟರು. ಪಾಠ ಹೇಳುವ ಮೇಡಂ ಸುಳ್ಳು ಹೇಳುತ್ತಾರೆಂದು ಅವರಿಗೆ ಕನಸಿನಲ್ಲೂ ಬರಲಿಕ್ಕಿಲ್ಲ. ಸವೆದ ಗೇರೇ ಬ್ರೇಕಿಲ್ಲದೆ ಅಷ್ಟು ಹಿಡಿದಿದೆ ಎಂದ ಮೇಲೆ ಉದ್ದದ್ದೂ ಸಾಕಷ್ಟು ಹಿಡಿಯುತ್ತದೆ ಎಂದು ಲೆಕ್ಕ ಹಾಕಿ, ಉದ್ದದ ಜೋಡಿಯನ್ನು ಕೈಗೆ ತೆಗೆದುಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಸುಣ್ಣದ ಬೊಟ್ಟಿಟ್ಟು ಎರಡು ಸಲ ಎಣಿಸುವಷ್ಟು ಹೊತ್ತೂ ನಾನು ಅಲ್ಲೇ ನಿಂತು ಕಪ್ಪು ಕನ್ನಡಕ ಒರೆಸುತ್ತಿದ್ದೆ.

ಗೇರು ಕೂರಿಸಿದ ಮೇಲೆ ಮೊದಲ ಓಟದಲ್ಲಿ ಮೇಸ್ತ್ರಿ ಗಿರಾಕಿಯ ಪಕ್ಕದಲ್ಲಿ ಕೂರುವುದು ಅವರ ಪದ್ಧತಿ. ಎಲ್ಲಿಗೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ನಾನು ಬ್ರೇಕು ಮುಟ್ಟದೆ ಇಳಿದಿದ್ದ ಘಾಟಿಗೆ!

ಪಲಮನೇರು ದಾಟಿದೆವು, ಈ ಸಲ ಹೇಳಲು ನೆಪ ಸಿಗಲಿಲ್ಲ. ಮೊದಲ ಇಳಿಜಾರಿನಲ್ಲೇ ತಿಳಿಯಿತು, ಕಾರನ್ನು ಹಿಡಿಯುವವರು ಯಾರೂ ಇಲ್ಲ. ಬ್ರೇಕು ತುಳಿದೆ, ಬಿಟ್ಟೆ, ಮತ್ತೆ ತುಳಿದೆ. ಸುಟ್ಟ ವಾಸನೆ ಬಂತು. ಆಮೇಲೆ ಪೆಡಲು ಮೆತ್ತಗಾಗಿ ತಳಕ್ಕೇ ಹೋಯಿತು. ಎದುರಿಗೆ ತಿರುವು, ತಿರುವಿನಲ್ಲಿ ತೆವಳುತ್ತಿದ್ದ ಲಾರಿ. ಎರಡನೇ ಗೇರಿಗೆ ಹಾಕಲು ಹೋದರೆ ಕರಕರ ಎಂದು ಒದೆಯಿತು. ಸತ್ತೆ ಅಂದುಕೊಂಡೆ. ಈ ಮನುಷ್ಯನನ್ನೂ ಸಾಯಿಸಿದೆ ಅಂದುಕೊಂಡೆ.

ಮೇಸ್ತ್ರಿಯ ಅಂಗೈ ಗೇರಿನ ಹಿಡಿಯ ಮೇಲಿದ್ದ ನನ್ನ ಕೈಯನ್ನು ಮುಚ್ಚಿತು. "ಕ್ಲಚ್ ಬಿಡೇ. ರೇಸ್ ಕೊಡು. ಇನ್ನೊಂದ್ಸಲ ಕ್ಲಚ್ಚು... ಈಗ ಹಾಕು."

ಹೊಸಬರೊಡನೆ ಬಹುವಚನ ಬಿಟ್ಟು ಮಾತಾಡದ ಮನುಷ್ಯ. ಇಬ್ಬರ ಕೈಗಳೂ ಒಟ್ಟಿಗೆ ಎಳೆದವು. ಎಂಜಿನ್ನು ಕಿರುಚಿತು, ಎರಡನೇ ಗೇರು ಕಚ್ಚಿತು, ಕಾರು ಮುಗ್ಗರಿಸಿ ಜಲ್ಲಿಯ ರಾಶಿಗೆ ಮೂತಿ ತೂರಿಸಿ ನಿಂತಿತು. ಲಾರಿ ತನ್ನ ಪಾಡಿಗೆ ತಾನು ಹೋಯಿತು, ಅದರ ಡ್ರೈವರಿಗೆ ಏನೂ ಗೊತ್ತಾಗಲಿಲ್ಲ.

ಮೇಸ್ತ್ರಿ ಇಳಿದು ಕಲ್ಲೊಂದರ ಮೇಲೆ ಕುಳಿತರು. ಎಲೆಗೆ ಸುಣ್ಣ ಹಚ್ಚಲು ನೋಡಿದರು. ಸುಣ್ಣವೆಲ್ಲ ಪಂಚೆಗೆ ಬಿತ್ತು.

"ನನ್ ಲೆಕ್ಕ ತಪ್ಪಾಯ್ತಮ್ಮ," ಅಂದರು. "ನಿಮ್ ಪ್ರಾಣ ತೆಗೀತಿದ್ದೆ."

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಬಂದದ್ದು ಏನು ಗೊತ್ತೇ?

"ಹೋಗ್ಲಿ ಬಿಡಿ ಮೇಸ್ತ್ರಿ."

ಅವರನ್ನು ನಾನು ಕ್ಷಮಿಸಿದೆ! ನಾನು, ಅವರನ್ನು! ಈಗಲೂ ಆ ಮಾತು ನೆನಪಾದರೆ ಮೈ ಪರಚಿಕೊಳ್ಳಬೇಕು ಅನ್ನಿಸುತ್ತದೆ.

ಮರುದಿನವೇ ಉದ್ದದ್ದನ್ನು ಬಿಚ್ಚಿ ಗಿಡ್ಡ ಜೋಡಿ ಕೂರಿಸಿಕೊಟ್ಟರು. ಪಕ್ಕದಲ್ಲಿ ಕೂರಲು ಮಾತ್ರ ಬರಲಿಲ್ಲ. ನನ್ನ ಕಾರಿನಲ್ಲಷ್ಟೇ ಅಲ್ಲ, ಆಮೇಲೆ ಯಾರ ಗಾಡಿಯಲ್ಲೂ ಕೂರಲಿಲ್ಲವಂತೆ. ತನ್ನ ಲೆಕ್ಕ ಹಾಳಾಗಿದೆ ಎಂದು ಬಂದವರನ್ನೆಲ್ಲ ಬೇರೆ ಕಡೆಗೆ ಕಳಿಸುತ್ತಿದ್ದಾರೆಂದು ಡ್ರೈವರೊಬ್ಬ ಹೇಳಿದ. ಎರಡು ಸಲ ಹೋದೆ. ತಪ್ಪು ನಿಮ್ಮದೊಬ್ಬರದೇ ಇರಲಿಕ್ಕಿಲ್ಲ ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಬಂದೆ. ಅವರು ನಕ್ಕು, ಸಮಾಧಾನ ಹೇಳಲು ಇಷ್ಟು ದೂರ ಬಂದಿರಾ ಎಂದರು. ಮೂರನೇ ಸಲ ಹೋಗುವಷ್ಟರಲ್ಲಿ ಶೆಡ್ಡಿಗೆ ಬೀಗ ಬಿದ್ದಿತ್ತು. ಮುಂದಿನ ಬೇಸಿಗೆಯಲ್ಲಿ ಎದೆನೋವಿನಿಂದ ಹೋಗಿಬಿಟ್ಟರು...

ತಿಥಿ ಕಳೆದ ಮೇಲೆ ಅವರ ಮನೆಗೆ ಹೋದೆ. ಈ ಸಲ ಹೇಳಿಯೇ ತೀರುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರ ಹೆಂಡತಿ ಕಾಫಿ ತಂದುಕೊಟ್ಟು, ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತರು.

"ಅಷ್ಟು ಧೈರ್ಯದ ಹೆಣ್ಮಗಳನ್ನ ನಾನೇ ಸಾಯಿಸ್ಬಿಡ್ತಿದ್ದೆ ಅಂತ ಕೊನೇವರ್ಗೂ ಅಂತಿದ್ರು ಮೇಡಂ. ಮನಸ್ಸಿಗೆ ಹಚ್ಕೊಂಡ್ಬಿಟ್ರು."

ಆಕೆಯ ಮುಖ ನೋಡಿದೆ. ಘಾಟಿನಲ್ಲೂ ಅಷ್ಟು ಹೆದರಿರಲಿಲ್ಲ ನಾನು. ಕಾಫಿ ಕುಡಿದು, ಲೋಟ ಇಟ್ಟು, ಬರುತ್ತೇನೆ ಅಂದೆ.

ಆ ಗಿಡ್ಡ ಗೇರು ಈಗಲೂ ಯಾವ ಇಳಿಜಾರಿನಲ್ಲೂ ನನ್ನನ್ನು ಕೈಬಿಟ್ಟಿಲ್ಲ. ಮೇಸ್ತ್ರಿ ಇಲ್ಲ. ಅವರಿಗೆ ಹೇಳಬೇಕಾದದ್ದನ್ನು ಇನ್ನು ಹೇಳಲಾಗುವುದಿಲ್ಲ. ಅವರ ಹೆಂಡತಿ ಇದ್ದಾರೆ, ಅದೇ ಮನೆಯಲ್ಲಿ, ನನ್ನಿಂದ ಒಂದೂವರೆ ಗಂಟೆಯ ದಾರಿ. ಗಡಿಯಾಚೆ ತೆಲುಗಿನಲ್ಲಿ ಓದಿದವರು. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ.