ಬೀಗದೊಳಗೆ ಗಿಡ್ಡವಾಗುತ್ತಿದ್ದ ಪಟ್ಟಿಗಳು

ಮದುವೆಯಾಗಿ ಬ್ಯಾಡಗಿಗೆ ಬಂದ ಮೇಲೂ ನಾನು ಪಿಎಚ್‌.ಡಿ. ಬಿಟ್ಟಿರಲಿಲ್ಲ. ತೊಂಬತ್ತರ ದಶಕದ ನಡುವಿನ ವರ್ಷಗಳವು. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿದು ರಾಣೆಬೆನ್ನೂರಿನ ಕಾಲೇಜಿಗೆ ಹೋಗಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಸಂಜೆ ಬಂದವಳೇ ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿ ನನ್ನ ಪ್ಲಾಸ್ಟಿಕ್ ಪಟ್ಟಿಗಳನ್ನು ಹರವಿಕೊಂಡು ಕೂರುತ್ತಿದ್ದೆ.

ಅವು ಎಲ್ಲ ಪ್ಲಾಸ್ಟಿಕ್‌ನಂತಲ್ಲ. ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತವೆ. ಆಗ ಎಳೆದು ಉದ್ದ ಮಾಡಿ, ಬಿಡದೆ ಹಿಡಿದು ತಣ್ಣೀರಿಗಿಟ್ಟರೆ ಉದ್ದವಾಗಿಯೇ ನಿಲ್ಲುತ್ತವೆ. ಮತ್ತೆ ಕಾಯಿಸಿದರೆ ಹಳೆಯ ಅಳತೆಗೆ ಮರಳುತ್ತವೆ. ಎಷ್ಟು ಬಿಸಿಗೆ ಎಷ್ಟು ಮರಳುತ್ತವೆ ಎಂದು ಮುಂಚೆಯೇ ಹೇಳುವ ಸಮೀಕರಣ ಬರೆಯುವುದು ನನ್ನ ಕೆಲಸ. ಐವತ್ತು ಡಿಗ್ರಿ ಮುಟ್ಟುವ ತನಕ ಪಟ್ಟಿ ಕದಲುವುದಿಲ್ಲ ಎಂಬ ಆಧಾರದ ಮೇಲೆಯೇ ಅದನ್ನು ಕಟ್ಟಿದ್ದೆ.

ಆ ಬೇಸಿಗೆಯಲ್ಲಿ ಪಟ್ಟಿಗಳು ತಾವಾಗಿಯೇ ಗಿಡ್ಡವಾಗತೊಡಗಿದವು. ಬೆಳಿಗ್ಗೆ ಅಳೆದಿಟ್ಟು ಹೋಗಿ ಸಂಜೆ ಸ್ಕೇಲು ಹಿಡಿದರೆ ಅಳತೆ ಕಡಿಮೆ. ಒಂದು ದಿನ ಒಂದು ಪಟ್ಟಿಯೇ ಕಾಣೆ. ಗಂಡ ಇಡೀ ದಿನ ಮೆಣಸಿನಕಾಯಿ ಪೇಟೆಯಲ್ಲಿರುತ್ತಿದ್ದರು. ಮನೆಯಲ್ಲಿ ಉಳಿಯುವವರು ಅತ್ತೆ ಒಬ್ಬರೇ.

"ಅತ್ತೀ, ಮ್ಯಾಲಿನ ಖೋಲಿಗೆ ಯಾರರ ಬಂದಿದ್ರೇನ್ರಿ?"

"ಯಾರ ಬರ್ತಾರವಾ? ಹಂಚಿನಂಗ ಕಾದಿರ್ತೈತಿ ಅದು, ಬೆಕ್ಕೂ ಹತ್ತಂಗಿಲ್ಲ."

ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನನಗೆ ಅಷ್ಟು ಸಾಕಾಯಿತು.

ಪಟ್ಟಿಗಳನ್ನು ಅದೇ ಕೋಣೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಪರ್ಸಿನಲ್ಲಿ ಒಯ್ದೆ. ಆದರೂ ಗಿಡ್ಡವಾದವು. ಅತ್ತೆಯ ಸೊಂಟದ ಗೊಂಚಲಿನಲ್ಲಿ ಇನ್ನೊಂದು ಕೀಲಿಕೈ ಇದ್ದೀತೆಂದು ಬೀಗಕ್ಕೆ ನನ್ನದೊಂದು ಕೂದಲೆಳೆ ಸುತ್ತಿಟ್ಟೆ. ಸಂಜೆ ಕೂದಲು ಇದ್ದಂತೆಯೇ ಇತ್ತು, ಒಳಗೆ ಪಟ್ಟಿ ಮಾತ್ರ ಕುಗ್ಗಿತ್ತು. ಬಿಚ್ಚಿದ ಕೂದಲನ್ನು ಮತ್ತೆ ಸುತ್ತಲು ಎಷ್ಟು ಹೊತ್ತು ಬೇಕು ಎಂದುಕೊಂಡೆನೇ ಹೊರತು, ಅನುಮಾನ ಬಿಡಲಿಲ್ಲ.

ಹುಬ್ಬಳ್ಳಿಯಲ್ಲಿದ್ದ ನನ್ನ ಗೈಡ್‌ಗೆ ಅನುಮಾನ ನನ್ನ ಮೇಲೆಯೇ. "ಚಳಿಗಾಲದಾಗ ಅಳದದ್ದು ಸಮೀಕರಣಕ್ಕ ಗೆರಿ ಹೊಡದಂಗ ಕೂಡಿತ್ತು. ಈಗ ಒಂದೂ ಕೂಡವಲ್ದು. ಯಾವುದು ಅಳದ ಬರದೀರಿ, ಯಾವುದು ಸುಮ್ಮನ ಬರದೀರಿ?" ಎಂದರು. ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕಿವಿ ಉರಿಯುತ್ತಿತ್ತು.

ಮರುದಿನ ರವಿವಾರ. ಅತ್ತೆ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು.

"ಬಿಸಿನೀರಾಗ ಅದ್ದತಿ, ಎಳೀತಿ, ಬಾಯಾಗ ಏನೋ ಮಣಮಣ ಅಂತಿ. ಈಗ ಕೀಲಿಗೆ ಕೂದಲಾ ಸುತ್ತೀದಿ. ನನ್ನ ಮಗಗ ಏನ್ ಮಾಡಾಕತ್ತೀದಿ? ಖರೇ ಹೇಳು."

ಮಣಮಣ ಅಂದದ್ದು ನಾನು ಸೆಕೆಂಡು ಎಣಿಸುತ್ತಿದ್ದದ್ದು. ನನಗೆ ನಗುವಷ್ಟು ಸಮಾಧಾನವಿರಲಿಲ್ಲ. "ನನ್ನ ಪಟ್ಟಿ ಯಾಕ ಮುಟ್ತೀರಿ, ಮೊದ್ಲ ಅದನ್ನ ಹೇಳ್ರಿ" ಎಂದೆ.

"ಒಂದು ತೊಗೊಂಡೇನಿ, ಇಲ್ಲ ಅನ್ನಂಗಿಲ್ಲ. ಬಾಜೂಮನಿ ಖಾಲಾ ಅದಾಳಲ್ಲ, ಆಕಿಗೆ ತೋರ್ಸಿದೆ. ಆಕಿ, ಇದು ಮಾಟ ಅಲ್ಲಕ್ಕಾ, ಪ್ಲಾಸ್ಟಿಕ್ಕು ಅಂತ ನಕ್ಕಳು. ನನಗ ಧೈರ್ಯ ಆಗಲಿಲ್ಲ, ಹಿತ್ತಲದಾಗ ಹುಗದೆ. ಉಳಿದದ್ದು ಮುಟ್ಟಿದ್ರ ನನ್ನ ಕೈ ಸೇದಿ ಹೋಗ್ಲಿ!"

"ಹಂಗಾರ ಅವು ಗಿಡ್ಡ ಹೆಂಗ ಆಗ್ತಾವ್ರಿ?"

"ಕುಂದ್ರೂಣು ಬಾ. ನೀನೂ ನೋಡು, ನಾನೂ ನೋಡತೇನಿ."

ಅವರೆದುರೇ ಹೊಸ ಪಟ್ಟಿ ಎಳೆದು, ತಣಿಸಿ, ಸ್ಕೇಲಿನ ಪಕ್ಕದಲ್ಲಿಟ್ಟೆ. ಮಧ್ಯಾಹ್ನದ ಬಿಸಿಲು ತಗಡಿನ ಮೇಲೆ ಸುರಿಯುತ್ತಿತ್ತು. ಅತ್ತೆ ಪಟ್ಟಿಗಿಂತ ನನ್ನ ಕೈಗಳನ್ನೇ ಹೆಚ್ಚು ನೋಡಿದರು. ಅವರು ಬೀಸಿಕೊಳ್ಳುತ್ತಿದ್ದ ರಟ್ಟಿನ ಮೇಲೂ ನನಗೆ ಗುಮಾನಿ. ಅದರ ತುದಿ ಮೇಜಿಗೆ ತಾಗಿದಾಗಲೆಲ್ಲ ಬೆಚ್ಚುತ್ತಿದ್ದೆ. ನೀರು ಕುಡಿಯಲೂ ಇಬ್ಬರೂ ಏಳಲಿಲ್ಲ.

ಹೊತ್ತು ಇಳಿಯುವಷ್ಟರಲ್ಲಿ ಪಟ್ಟಿಯ ತುದಿ ಗುರುತು ಬಿಟ್ಟು ಹಿಂದೆ ಸರಿದಿತ್ತು.

"ನಾ ಮುಟ್ಟಿಲ್ಲ" ಎಂದರು ಅತ್ತೆ, ಸಣ್ಣ ದನಿಯಲ್ಲಿ.

"ನಾನೂ ಮುಟ್ಟಿಲ್ರಿ."

ಗೋಡೆಯ ಥರ್ಮಾಮೀಟರ್ ನೋಡಿದೆ. ನಲವತ್ಮೂರು. ಐವತ್ತಲ್ಲ, ಆದರೆ ಬೆಳಗಿನಿಂದ ಸಂಜೆಯವರೆಗೆ ಬಿಡದೆ ಕಾಯುವ ಬಿಸಿ. ಮಂದ ಬಿಸಿಯಲ್ಲೂ ಪಟ್ಟಿ ನಿಧಾನವಾಗಿ ಹಿಂದಿರುಗುತ್ತಿತ್ತು. ನನ್ನ ಸಮೀಕರಣದಲ್ಲಿ ಉಷ್ಣತೆಯಿತ್ತು, ಸಮಯ ಇರಲಿಲ್ಲ.

ಖಾತ್ರಿಗೆಂದು ಕೆಲವು ಪಟ್ಟಿಗಳನ್ನು ಕೆಳಗೆ ಪಡಸಾಲೆಯಲ್ಲಿ ನೀರಿನ ಕೊಡಗಳ ಪಕ್ಕದ ತಂಪಿನಲ್ಲಿಟ್ಟೆ. ಅವು ಕದಲಲಿಲ್ಲ. ಸಮಯವನ್ನೂ ಸೇರಿಸಿ ಸಮೀಕರಣ ತಿದ್ದಿ, ಹಾವೇರಿಯ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ತಾಸಿನ ಬಾಡಿಗೆಗೆ ಕುಳಿತು ಲೆಕ್ಕ ಹಾಕಿದೆ. ಬೇಸಿಗೆಯ ಅಳತೆಗಳೂ ಚಳಿಗಾಲದವೂ ಒಂದೇ ಸೂತ್ರಕ್ಕೆ ಒಗ್ಗಿದವು. ಗೈಡ್ ನಂಬಲಿಲ್ಲ. ತಾವೇ ಎಳೆದು ಶಾಯಿಯ ಗುರುತು ಹಾಕಿದ ಪಟ್ಟಿಯೊಂದಿಗೆ ನಮ್ಮ ಮನೆಗೆ ಬಂದು, ತಗಡಿನ ಕೆಳಗೆ ಬೆವರುತ್ತ ಕುಳಿತರು. ಸಂಜೆ ಅಳೆದು, "ಈ ಅಧ್ಯಾಯ ಹಿಂಗಽ ಇರ್ಲಿ" ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಡಿಗ್ರಿ ಬಂತು.

ಅತ್ತೆಗೆ ಮಾತ್ರ ಆ ಮಧ್ಯಾಹ್ನದ ನಂತರ ಇದು ಮಾಟವೇ ಎಂಬ ಅನುಮಾನ ಗಟ್ಟಿಯೇ ಆಯಿತು. ಯಾರೂ ಮುಟ್ಟದೆ ಪಟ್ಟಿ ಸರಿದದ್ದನ್ನು ಅವರು ಕಣ್ಣಾರೆ ಕಂಡಿದ್ದರಲ್ಲ. "ನೀ ಶಾಣ್ಯಾಕಿ ಅದೀ, ಖರೇ. ಆದ್ರ ಅದನ್ನ ಅಡಗಿಮನಿಗೆ ತರಬ್ಯಾಡವಾ" ಎಂದರು. ನಾನು ತರಲಿಲ್ಲ.