ಕೈಗವಸು ಕಟ್ಟಿದ ಮರ

ವರ್ಲೀನ್ ಸ್ಟ್ಯಾಂಪರ್ ಮೊದಲ ದಿನ ನನ್ನ ಹೆಸರನ್ನೂ ಕೇಳಲಿಲ್ಲ. ನಾರ್ತ್ ಕೆರೊಲಿನಾದ ಆ ಬೆಟ್ಟದೂರಿನ ಶಾಲೆಗೆ ನಾನು ಮೇಷ್ಟ್ರಾಗಿ ಬಂದ ವರ್ಷವದು, ೧೯೭೪. ತರಗತಿಗೊಂದು ಕ್ರಿಸ್‌ಮಸ್ ಮರ ಬೇಕೆಂದು ಅವರ ತೋಟಕ್ಕೆ ಹೋಗಿದ್ದೆ. ಚಿಕ್ಕದು ಸಾಕು ಎನ್ನುವಷ್ಟರಲ್ಲಿ ಆಕೆ, "ನನ್ನ ಕಡೇದು ತಗೋತೀರೋ, ನನ್ನ ತಂಗಿ ಕಡೇದೋ? ಅದನ್ನ ಮೊದ್ಲು ಹೇಳಿ ಮೇಷ್ಟ್ರೇ," ಎಂದಳು.

ತೋಟ ಒಂದೇ, ಇಳಿಜಾರು ಎರಡು. ತಂದೆ ಸಾಯುವ ಮುನ್ನ ಪೂರ್ವದ್ದನ್ನು ವರ್ಲೀನಳಿಗೂ ಉತ್ತರದ್ದನ್ನು ತಂಗಿ ಒಲೀಟಾಳಿಗೂ ಬಿಟ್ಟಿದ್ದರು. ಉತ್ತರದಲ್ಲಿ ಮಂಜು ಮಧ್ಯಾಹ್ನದವರೆಗೂ ತಂಗುತ್ತದೆ, ಮಣ್ಣಿನ ತೇವ ಆರುವುದಿಲ್ಲ. ಕ್ರಿಸ್‌ಮಸ್ ಮರವಾಗುವ ಫರ್‌ಗಳಿಗೆ ಅದೇ ಬೇಕು. ವರ್ಲೀನ್ ಬೇಸಿಗೆಯಿಡೀ ಉದ್ದ ಕತ್ತಿ ಹಿಡಿದು ಒಂದೊಂದು ಮರವನ್ನೂ ಸವರಿ ಆಕಾರಕ್ಕೆ ತರುತ್ತಿದ್ದಳು. ತಂಗಿ ಅದರ ಅರ್ಧ ದುಡಿದರೂ ಅವಳ ಮರಗಳೇ ದಟ್ಟ, ಕಪ್ಪು ಹಸಿರು.

"ಅಪ್ಪ ಅವಳಿಗೆ ಮಂಜು ಕೊಟ್ಟ, ನಂಗೆ ಕತ್ತಿ ಕೊಟ್ಟ," ಎನ್ನುತ್ತಿದ್ದಳು ವರ್ಲೀನ್.

ನವೆಂಬರಿನ ಕೊನೆಯ ಶನಿವಾರ ನಮ್ಮ ಚರ್ಚಿನ ನಾಲ್ವರು ಬೆಟ್ಟ ಹತ್ತಿ, ಕ್ರಿಸ್‌ಮಸ್ಸಿಗೆ ಚರ್ಚಿನೊಳಗೆ ನಿಲ್ಲಿಸಲು ಆ ವರ್ಷದ ಅತ್ಯುತ್ತಮ ಮರವನ್ನು ಆರಿಸುವುದು ವಾಡಿಕೆ. ನಾಲ್ವರಲ್ಲಿ ನಾನೂ ಒಬ್ಬ. ಹನ್ನೊಂದು ವರ್ಷ ಸತತವಾಗಿ ನಾವು ಆರಿಸಿದ್ದು ಒಲೀಟಾಳ ಮರವನ್ನೇ. ವರ್ಲೀನ್ ಪ್ರತಿ ಸಲವೂ ನಮಗೆ ಸೇಬಿನ ಬಿಸಿ ಸೈಡರ್ ಕೊಟ್ಟು, ನಮ್ಮ ಮುಖ ನೋಡದೆ ಒಳಗೆ ಹೋಗುತ್ತಿದ್ದಳು.

ಹನ್ನೆರಡನೆಯ ವರ್ಷ ಒಲೀಟಾಳ ಅತಿ ಚೆಂದದ ಮರದ ಕೊಂಬೆಗೆ ಒಂದು ಮಗುವಿನ ಕೆಂಪು ಕೈಗವಸು ಕಟ್ಟಿತ್ತು. ಗಿರಾಕಿಗಳು ಅಕ್ಟೋಬರಿನಲ್ಲೇ ಬಂದು, ಮೆಚ್ಚಿದ ಮರ ತಮಗಿರಲೆಂದು ಅದಕ್ಕೆ ತಮ್ಮದೊಂದು ಬಟ್ಟೆ ಕಟ್ಟಿಹೋಗುವುದು ಆ ತೋಟದ ಪದ್ಧತಿ. ಕಟ್ಟಿದ್ದು ಯಾರೆಂದು ಯಾರೂ ಕೇಳುವುದಿಲ್ಲ, ಬಿಚ್ಚುವುದೂ ಇಲ್ಲ. ಅದು ಬಿಟ್ಟರೆ ಚೆಂದದ್ದು ವರ್ಲೀನಳದೇ ಆದ್ದರಿಂದ, ನಾವು ಪೂರ್ವಕ್ಕೆ ಹೊರಳಿ ಆಕೆಯ ಮರವನ್ನು ಆರಿಸಿದೆವು. ಮೂರು ಭಾನುವಾರ ಆಕೆ ಚರ್ಚಿನ ಮೊದಲ ಬೆಂಚಿನಲ್ಲಿ ಕುಳಿತು, ಪ್ರಾರ್ಥನೆಗೆ ಕಣ್ಣು ಮುಚ್ಚುವುದನ್ನೂ ಮರೆತು ಆ ಮರವನ್ನೇ ನೋಡಿದಳು.

ಮುಂದಿನದನ್ನು ಜನವರಿಯಲ್ಲಿ ಆಕೆಯೇ ನನಗೆ ಹೇಳಿದಳು. ಡಿಸೆಂಬರ್ ಇಪ್ಪತ್ತನಾಲ್ಕರ ಮಧ್ಯಾಹ್ನ. ಹಿಮ ಬೀಳುತ್ತಿತ್ತು. ಗಿರಾಕಿಗಳೆಲ್ಲ ಹೋದ ಮೇಲೂ ಒಲೀಟಾ ರಸ್ತೆಬದಿಯ ಶೆಡ್ಡನ್ನು ಮುಚ್ಚಿರಲಿಲ್ಲ. ಕೈಗವಸಿನ ಮಗುವಿಗಾಗಿ ಕಾಯುತ್ತಿದ್ದಳು. ಆ ಮರವನ್ನು ಕೇಳಿದ ಇಬ್ಬರನ್ನು ಬರಿಗೈಯಲ್ಲಿ ಕಳಿಸಿದ್ದಳಂತೆ. ವರ್ಲೀನ್ ಬೀನ್ಸ್ ಸಾರು ತಂದುಕೊಟ್ಟು ಮನೆಗೆ ಹೋಗೆಂದಳು.

"ಹೋದ್ಮೇಲೆ ಮಗು ಬಂದ್ರೆ, ಅಕ್ಕ? ಇಷ್ಟು ದೂರ ಬಂದು ಅಳುತ್ತೆ."

"ಯಾವ ಮಗೂನೂ ಬರಲ್ಲ. ಕಟ್ಟಿದ್ದು ನಾನು."

ಒಲೀಟಾ ಸಾರಿನ ಬಟ್ಟಲನ್ನು ಕೆಳಗಿಟ್ಟಳು. "ಒಂದ್ ವರ್ಷ ನಂಗೆ ಬಿಡೇ ಅಂತ ಕೇಳಿದ್ರೆ ನಾನ್ ಇಲ್ಲ ಅಂತಿದ್ನಾ?"

"ಕೇಳಿ ಇಸ್ಕೊಂಡಿದ್ರೆ ಅದೂ ನಿಂದೇ ಆಗ್ತಿತ್ತು."

ಒಲೀಟಾ ಗರಗಸ ತೆಗೆದು ಅಕ್ಕನ ಕೈಗಿತ್ತಳು. ವರ್ಲೀನ್ ಆ ಮರವನ್ನು ಕೊಯ್ದು, ಆಗಲೇ ಬೆಲ್ ಹೊಡೆಯುತ್ತಿದ್ದ ಚರ್ಚಿಗೆ ತಾನೇ ಎಳೆದು ತಂದು, ತನ್ನ ಮರದ ಪಕ್ಕದಲ್ಲೇ ನಿಲ್ಲಿಸಿದಳು. ಆ ವರ್ಷ ನಮಗೇಕೆ ಎರಡು ಮರವೆಂದು ಆ ದಿನ ಯಾರಿಗೂ ತಿಳಿಯಲಿಲ್ಲ. ಪಕ್ಕಪಕ್ಕದಲ್ಲಿ ಯಾವುದು ಹೆಚ್ಚು ಚೆಂದವೆಂಬುದು ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು. ತಂಗಿ ಅಕ್ಕನನ್ನು ಮತ್ತೆ ಮಾತನಾಡಿಸಿದ್ದು ಈಸ್ಟರ್ ಕಳೆದ ಮೇಲೆ.

ಈಗ ವರ್ಲೀನಳಿಗೆ ಎಂಬತ್ತು ದಾಟಿದೆ. ಮೊಣಕಾಲು ಏರು ಹತ್ತಗೊಡುವುದಿಲ್ಲವಾದ್ದರಿಂದ ಎರಡೂ ಇಳಿಜಾರನ್ನು ಒಲೀಟಾಳೇ ಸವರುತ್ತಾಳೆ. ಅಕ್ಕ ಕೆಳಗೆ ಕುರ್ಚಿ ಹಾಕಿ, ಬೈನಾಕ್ಯುಲರ್ ಹಿಡಿದು, ತಂಗಿ ಯಾವ ಕಡೆ ಎಷ್ಟು ಹೊತ್ತು ನಿಂತಳೆಂದು ನೋಡುತ್ತಾಳೆ. ಹೋದ ಜುಲೈಯಲ್ಲಿ ನಾನು ಪಕ್ಕದಲ್ಲಿ ಕುಳಿತಿದ್ದೆ. ಪೂರ್ವದಲ್ಲೇ ಹೆಚ್ಚು ಹೊತ್ತಾಯಿತಲ್ಲ ಎಂದೆ.

"ಆಗ್ಲೇಬೇಕು," ಎಂದಳು, ಕಣ್ಣು ತೆಗೆಯದೆ. "ಅಲ್ಲಿ ಮಂಜಿಲ್ಲ."