ಜೈಲು ಸೇರಿಸಿಕೊಳ್ಳದ ಹೆಂಗಸು

ಎಪ್ಪತ್ತರ ದಶಕದಲ್ಲಿ ನಾನು ಬೈಲಹೊಂಗಲದ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಬಂದ ಅರ್ಜಿಗಳ ಪರಿಶೀಲನೆ ನನ್ನ ಕೆಲಸ. ನಲವತ್ತೆರಡರ ಚಳವಳಿಯ ಹೊತ್ತಿಗೆ ತೊಟ್ಟಿಲಲ್ಲಿದ್ದವರೂ ತಾವು ಟೆಲಿಗ್ರಾಫ್ ತಂತಿ ಕತ್ತರಿಸಿದೆವೆಂದು ಬರೆಯುತ್ತಿದ್ದರು. ಓದಿ ಓದಿ ಯಾರನ್ನೂ ನಂಬದ ಚಾಳಿ ನನಗೆ ಅಂಟಿಕೊಂಡಿತ್ತು.

ಅಂಥದರಲ್ಲಿ ನೇಸರಗಿಯ ಮುದುಕಿಯೊಬ್ಬಳ ಅರ್ಜಿ ಬಂತು. ಚಳವಳಿಯ ಗುಪ್ತ ಕಾಗದಗಳನ್ನು ಸವದತ್ತಿ ದಾಟಿಸಿ, ತೊರಗಲ್ಲಿನಲ್ಲಿ ಅಡಗಿದ್ದವರಿಗೆ ಮುಟ್ಟಿಸುತ್ತಿದ್ದಳಂತೆ. ಜೈಲಿನ ದಾಖಲೆ ಇರಲಿಲ್ಲ. 'ಮಹಾರೋಗವಿದ್ದುದರಿಂದ ಒಳಗೆ ಸೇರಿಸಿಕೊಳ್ಳಲಿಲ್ಲ' ಎಂದು ಯಾರಿಂದಲೋ ಬರೆಸಿದ್ದಳು. ಒಳ್ಳೆಯ ನೆಪ ಹುಡುಕಿದ್ದಾಳೆ ಅಂದುಕೊಂಡೆ.

ವಿಚಾರಣೆಗೆಂದು ನೇಸರಗಿಗೆ ಹೋದೆ. ಊರಾಚೆ, ಹೊಲದ ಅಂಚಿನಲ್ಲಿ ಅವಳ ಕೋಣೆ. ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕುಳಿತಿದ್ದಳು.

"ಕೈ ತೋರಸ್ರಿ," ಅಂದೆ, ಹೊರಗೇ ನಿಂತು.

ತೋರಿಸಿದಳು. ಬೆರಳುಗಳು ಕುಷ್ಠದಿಂದ ಗೆಣ್ಣಿನವರೆಗೆ ಸವೆದಿದ್ದವು.

"ಸಾಕೇನ್ರಿ? ಕಾಲೂ ನೋಡ್ತೀರೇನು?"

ಬಸ್ಸಿನಲ್ಲಿ ಮರಳುವಾಗ ನಾಚಿಕೆಯಾಯಿತು. ಆದರೂ ಅನುಮಾನ ಹೋಗಲಿಲ್ಲ. ರೋಗ ನಿಜ, ಆದರೆ ಕಾಗದಗಳ ಮಾತು?

ತನ್ನನ್ನು ತಡೆದಿದ್ದ ಪೊಲೀಸನ ಹೆಸರನ್ನು ಅವಳು ಹೇಳಿದ್ದಳು. ನಿವೃತ್ತನಾಗಿ ಸವದತ್ತಿಯಲ್ಲಿದ್ದ. ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದ.

"ಅಂಥಾಕಿ ಯಾರೂ ನೆನಪಿಲ್ರಿ. ಯಾಕ ಕೇಳಾಕ ಹತ್ತೀರಿ? ನನ್ನ ಪಿಂಚಣಿಗೇನರ ತೊಂದ್ರಿ ಐತೇನು?"

ಇಲ್ಲವೆಂದೆ. ಅವನು ನನ್ನನ್ನು ಅಳೆದು ನೋಡಿದ. ಆಮೇಲೆ ದನಿ ತಗ್ಗಿಸಿ, "ಇನ್ನೂ ಅದಾಳೇನು?" ಎಂದ.

"ಅದಾರ."

"ಕೈಗೆ ಸುತ್ತಿದ ಅರಿವ್ಯಾಗ ಕಾಗದ ಅದಾವಂತ ನಮಗ ಗೊತ್ತಿತ್ರಿ. ಬಿಚ್ಚು ಅಂದ್ರ, 'ನೀವ ಬಿಚ್ಚಿ ನೋಡ್ರಿ' ಅಂತ ಕೈ ಮುಂದ ಚಾಚಿದಳು. ಒಬ್ಬರೂ ಮುಟ್ಟಲಿಲ್ಲ. ಜೈಲಿನವರೂ ಒಲ್ಲೆ ಅಂದ್ರು. ಮೂರು ದಿನ ಗಿಡದ ಬುಡಕ ಕುಂದ್ರಿಸಿ, ಆಮ್ಯಾಲ ಬಿಟ್ಟು ಕಳಿಸಿದ್ವಿ."

ನಾನು ಬರೆದುಕೊಂಡ ಹೇಳಿಕೆಯನ್ನು ಓದಿ ನೋಡಿ ಸಹಿ ಹಾಕಿದ.

ವರದಿ ಬರೆದು ಅವಳಿಗೆ ಓದಿ ಹೇಳಿದೆ.

"ರೋಗದ ಮಾತು ಎಲ್ಲೆ ಹೋತು?"

"ನಾಕ ಮಂದಿ ಓದೂ ಕಾಗದ, ಆಯಿ. ಬ್ಯಾಡಂತ ಬಿಟ್ಟೆ."

"ಅದನ್ನ ಬಿಟ್ರ ನಾ ಹೆಂಗ ಪಾರಾದ್ನಿ? ನಾಳೆ ಇನ್ನೊಬ್ರು ಬಂದು ಸಂಶೆ ಪಡತಾರ. ಬರೀರಿ ತಮ್ಮಾ."

ಬರೆದೆ. ಕೆಲವು ತಿಂಗಳ ನಂತರ ಮೇಲಿನ ಕಚೇರಿಯಿಂದ ಪ್ರಶ್ನೆ ಬಂತು: ರೋಗಕ್ಕೆ ವೈದ್ಯರ ಪ್ರಮಾಣಪತ್ರ ಎಲ್ಲಿ? ಕೇಳಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಸ್ಪತ್ರೆಗೆ ನಾನೇ ಕರೆದೊಯ್ದೆ. ಬಸ್ಸಿನಲ್ಲಿ ಜನ ಸರಿದು ಕುಳಿತರು. ನಾನು ಅವಳ ಪಕ್ಕದಲ್ಲೇ ಕುಳಿತೆ. ಮನೆಗೆ ಬಂದು ಎರಡು ಸಲ ಕೈ ತೊಳೆದುಕೊಂಡದ್ದನ್ನೂ ಇಲ್ಲಿ ಮುಚ್ಚಿಡಲಾರೆ.

ಮರುವರ್ಷ ಅರ್ಜಿ ಮಂಜೂರಾಯಿತು. ಆದೇಶವನ್ನು ಅವಳು ನನ್ನಿಂದ ಮೂರು ಸಲ ಓದಿಸಿಕೊಂಡಳು, ನಾನು ಏನನ್ನಾದರೂ ಬಿಟ್ಟು ಓದುತ್ತಿದ್ದೇನೋ ಎಂದು ನನ್ನ ಮುಖವನ್ನೇ ನೋಡುತ್ತ.